ಆಯುಧಪೂಜೆಯ ಅಪ್‌ಡೇಟ್

ಹಳೇಬೀಡಿನ ಬಸ್‌ಸ್ಟ್ಯಾಂಡ್ ದಾಟಿ ಬೇಲೂರು ರಸ್ತೆಗೆ ಹೊರಳಿದರೆ ಚನ್ನೇಶನ ಕಂಪ್ಯೂಟರ್ ಅಂಗಡಿ. ಪಹಣಿ, ಆಧಾರ್, ಜೆರಾಕ್ಸ್, ಪರೀಕ್ಷೆಯ ಫಲಿತಾಂಶ, ಎಲ್ಲಕ್ಕೂ ಸುತ್ತಲಿನ ಜನ ಅಲ್ಲಿಗೇ ಬರುತ್ತಾರೆ. ಚನ್ನೇಶ್ ಜಾವಗಲ್ಲಿನ ಕೊಬ್ಬರಿ ವ್ಯಾಪಾರಿಯ ಮಗ. ಅರಸೀಕೆರೆಯಲ್ಲಿ ಅಪ್ಪನ ಮಂಡಿ ಇವನಿಗಾಗಿ ಕಾದಿತ್ತು, ಇವನಿಗೆ ಬೇಡವಾಯಿತು. ಅಲ್ಲಿನ ಕಾಲೇಜೊಂದು ಮೂಲೆಗೆ ಹಾಕಿದ್ದ ಮುದಿ ಕಂಪ್ಯೂಟರುಗಳನ್ನು ಹೊತ್ತು ತಂದು, ಧೂಳು ಕೊಡವಿ, ಅಂಗಡಿ ತೆರೆದ.

ಆ ಮುದಿ ಯಂತ್ರಗಳಿಗೆ ವಿಂಡೋಸ್ ಹೊರುವ ತ್ರಾಣ ಇರಲಿಲ್ಲ. ಸರಿ, ಅದರ ಬದಲು ಬಿಟ್ಟಿ ಸಿಗುವ ಲಿನಕ್ಸ್ ಹಾಕಿದ. ಲಿನಕ್ಸ್‌ನಲ್ಲೂ ನೂರೆಂಟು ಬಗೆ. ನಾಲ್ಕು ಜನ ಬಳಸುವಂಥದ್ದನ್ನು ಹಾಕಿಕೊಂಡಿದ್ದರೆ ಅವನು ಚನ್ನೇಶ್ ಹೇಗಾದಾನು? ಹುಡುಕಿ ಹುಡುಕಿ, ಜಿಲ್ಲೆಯಲ್ಲೇ ಇನ್ನೊಬ್ಬರ ಬಳಿ ಇರಲಾರದಂಥದ್ದನ್ನು ತಂದ. ಹಗುರ, ಚುರುಕು, ಚೊಕ್ಕಟ. ಒಂದೇ ತಾಪತ್ರಯವೆಂದರೆ ಬ್ರೌಸರ್. ಹೆಸರಾಂತ ಬಗೆಗಳಲ್ಲಿ ಅದು ಉಳಿದದ್ದರ ಜೊತೆಗೇ ತಾನಾಗಿ ಹೊಸದಾಗುತ್ತದೆ. ಇವನದರಲ್ಲಿ ಅದನ್ನು ಒದಗಿಸುವವರೇ ಇಲ್ಲ. ಇವನೇ ಇಂಟರ್‌ನೆಟ್‌ನಿಂದ ಇಳಿಸಿಕೊಳ್ಳಬೇಕು, ಕಟ್ಟು ಬಿಚ್ಚಬೇಕು, ಹಳೆಯ ಫೋಲ್ಡರನ್ನು ಅಳಿಸಿ ಆ ಜಾಗದಲ್ಲಿ ಹೊಸದನ್ನು ಕೂರಿಸಬೇಕು. ಬೇರೆಯವರಿಗೆ ಅದು ಗೋಳು, ಇವನಿಗೆ ಮೆರೆಯುವ ಸಂಗತಿ. "ನಮ್ದು ಎಲ್ಲಾರ ಥರ ಅಲ್ಲ ಕಣ್ರೀ" ಎಂದು ಪಹಣಿಗೆ ಬಂದ ರೈತರಿಗೂ ಹೇಳುತ್ತಿದ್ದ. ಅವರು ಪಾಪ, ಪಹಣಿ ಸಿಕ್ಕರೆ ಸಾಕೆಂದು ತಲೆಯಾಡಿಸುತ್ತಿದ್ದರು.

ಇವನ ಇನ್ನೊಂದು ಜಾಣತನವನ್ನೂ ಹೇಳಿಬಿಡಬೇಕು. ಬ್ರೌಸರಿನೊಳಗೆ ನಾವು ಕೂಡಿಟ್ಟದ್ದೆಲ್ಲ ಸಾಮಾನ್ಯವಾಗಿ ಬೇರೊಂದು ಕಡೆ ಇರುತ್ತದೆ. ಬ್ರೌಸರನ್ನು ಕಿತ್ತೆಸೆದರೂ ಅದಕ್ಕೆ ಧಕ್ಕೆಯಿಲ್ಲ. ಚನ್ನೇಶ್ ಮಾತ್ರ ಅದನ್ನೂ ಬ್ರೌಸರಿನ ಫೋಲ್ಡರ್ ಒಳಗೇ ಇಟ್ಟಿದ್ದ. ಒಂದು ಯಂತ್ರದಲ್ಲಿ ಕನ್ನಡ ಕೀಲಿಮಣೆ, ಅಕ್ಷರ ಎಲ್ಲ ಸರಿಮಾಡಿ, ಇಡೀ ಫೋಲ್ಡರನ್ನು ಪೆನ್‌ಡ್ರೈವಿನಲ್ಲಿ ಹೊತ್ತು ಮಿಕ್ಕ ಯಂತ್ರಗಳಿಗೆ ಹಾಕಲು ಅದು ಅನುಕೂಲ. ಹಳೆಯದನ್ನು ಅಳಿಸುವ ಮುಂಚೆ ಕೂಡಿಟ್ಟದ್ದನ್ನು ಹೊರಗೆ ತೆಗೆದಿಡಬೇಕು, ಅಷ್ಟೇ. ಪ್ರತಿಸಲ ತೆಗೆದಿಡುತ್ತಿದ್ದ.

ಒಂದು ವರ್ಷ ಮಳೆಗಾಲದ ಕೊನೆಗೆ ರೇವಣಸಿದ್ದಪ್ಪ ಬಂದರು. ಗುಡಿಯ ಗೈಡು. ತಲೆ ನರೆಯುವವರೆಗೂ ಹಳೇಬೀಡಿನ ಅಂಗಳದಲ್ಲಿ ಶಾಲೆಮಕ್ಕಳನ್ನು ನಗಿಸುತ್ತಾ ಕಲ್ಲು ತೋರಿಸಿದವರು. ಅವರ ಕಂಠ ಕೇಳಿದರೆ ಐಸ್‌ಕ್ಯಾಂಡಿ ಗಾಡಿಯ ಮುಂದೆ ನಿಂತ ಮಕ್ಕಳೂ ತಿರುಗಿ ಬರುತ್ತಿದ್ದವು. ಈಗ ಆ ಕಂಠದೊಳಗೇ ಹುಣ್ಣು. ಮೈಸೂರಿನ ಡಾಕ್ಟರು ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು ಎಂದಿದ್ದರು.

"ಜೀವ ಉಳಿತೈತಂತೆ, ಮಾತು ಓಯ್ತದಂತೆ" ಎಂದರು, ಬೇರೆ ಯಾರದೋ ಸುದ್ದಿ ಹೇಳುವವರ ಹಾಗೆ. "ನಮ್ಮ ರುದ್ರಿ ನನ್ನ ಗೈಡ್ ಮಾತು ಒಂದು ದಿನಾನೂ ಕೇಳಿಲ್ಲ ಕಣೋ. ಹಸಾ ಬಿಟ್ಟು ಆಚೆಗೆ ಬಂದೋಳಲ್ಲ. ಅವಳಿಗೋಸ್ಕರ ಒಂದಷ್ಟು ಮಾತಾಡಿ ಇಟ್ಬಿಡ್ತೀನಿ. ನಿನ್ ಕಂಪ್ಯೂಟರ್‌ನಾಗೆ ತುಂಬ್ಕತ್ತದಾ?"

"ಎಷ್ಟು ಬೇಕಾದ್ರೂ ತುಂಬ್ಕತ್ತದೆ, ಮಾತಾಡಿ" ಎಂದ ಚನ್ನೇಶ್.

ಬ್ರೌಸರಿನಲ್ಲಿ ಧ್ವನಿ ಹಿಡಿಯುವ ಪುಟವೊಂದನ್ನು ತೆರೆದು, ಮೈಕು ಸಿಕ್ಕಿಸಿ, ಒಳಕೋಣೆಯಲ್ಲಿ ಕೂರಿಸಿದ. ಆ ಪುಟ ಧ್ವನಿಯನ್ನು ಎಲ್ಲಿಗೂ ಕಳಿಸುವುದಿಲ್ಲ, ಬ್ರೌಸರಿನ ಹೊಟ್ಟೆಯಲ್ಲೇ ಇಟ್ಟುಕೊಳ್ಳುತ್ತದೆ. ಮಧ್ಯಾಹ್ನ ಗಿರಾಕಿ ಕಡಿಮೆಯಾದ ಹೊತ್ತಿಗೆ ರೇವಣಸಿದ್ದಪ್ಪ ತಮ್ಮೂರು ಹಗರೆಯಿಂದ ಬಸ್ಸಿನಲ್ಲಿ ಬಂದು, ಒಂದು ಲೋಟ ಬಿಸಿನೀರು ಕುಡಿದು, ಎದುರಿಗೆ ಹೆಂಡತಿ ರುದ್ರಮ್ಮನೇ ನಿಂತಿದ್ದಾಳೆ ಎಂಬಂತೆ ಶುರುಮಾಡುತ್ತಿದ್ದರು. "ಆತುರ ಬ್ಯಾಡ. ನೆರಳಲ್ಲಿ ನಿಂತ್ಕೊ. ಮೊದಲು ಕೆಳಗಡೆ ಆನೆ ಸಾಲು ನೋಡು. ಒಂದು ಆನೆ ಇದ್ದಂಗೆ ಇನ್ನೊಂದಿಲ್ಲ." ಚನ್ನೇಶ್ ಪಕ್ಕದ ಕುರ್ಚಿಯಲ್ಲೇ ಇದ್ದ. ಮೊದಲ ದಿನ ಧ್ವನಿ ಸರಿಯಾಗಿ ಬೀಳುತ್ತಿದೆಯೇ ಎಂದು ಅಷ್ಟನ್ನು ಕೇಳಿಸಿಕೊಂಡ; ಆಮೇಲೆಲ್ಲ ಕಿವಿಗೆ ಇಯರ್‌ಫೋನ್ ತುರುಕಿಕೊಂಡು, ಲಿನಕ್ಸ್‌ನ ಇನ್ಯಾವುದೋ ಅಪರೂಪದ ಬಗೆಯ ವಿಡಿಯೋ ನೋಡುತ್ತಾ ಕೂರುತ್ತಿದ್ದ. ಕೆಲವೊಮ್ಮೆ ಮುದುಕರು ಹೇಳುತ್ತಾ ಹೇಳುತ್ತಾ ತಾವೇ ನಗುತ್ತಿದ್ದುದು ಕಣ್ಣಿಗೆ ಬೀಳುತ್ತಿತ್ತು. ಯಾಕೆಂದು ಇವನು ಕೇಳಲಿಲ್ಲ.

ಕಂಠ ಒಡೆದು ಪಿಸುಮಾತಾಗುವ ಹೊತ್ತಿಗೆ ಹೇಳುವುದೆಲ್ಲ ಮುಗಿಯಿತು. "ಆಸ್ಪತ್ರೆಯಿಂದ ಬನ್ನಿ, ಎಲ್ಲಾನೂ ಪೆನ್‌ಡ್ರೈವಿಗೆ ಹಾಕಿ ಮನೆಗೇ ತಂದುಕೊಡ್ತೀನಿ" ಎಂದ ಚನ್ನೇಶ್. ಆ ಗಳಿಗೆಯಲ್ಲೇ ಹಾಕಿಬಿಟ್ಟಿದ್ದರೆ! ಕೈಗೆಟಕುವ ದೂರದಲ್ಲೇ ಪೆನ್‌ಡ್ರೈವ್ ಬಿದ್ದಿತ್ತು.

ಅವರು ಮೈಸೂರಿನ ಆಸ್ಪತ್ರೆಯಲ್ಲಿದ್ದಾಗ ಆಯುಧಪೂಜೆ ಬಂತು. ಆ ಹಬ್ಬಕ್ಕೆ ಚನ್ನೇಶ್ ತನ್ನದೇ ಒಂದು ಪದ್ಧತಿ ಮಾಡಿಕೊಂಡಿದ್ದ. ಮಂಡಿಯಲ್ಲಿ ಅಪ್ಪ ತಕ್ಕಡಿ ತೊಳೆದು, ಹಳೆಯ ಗೋಣಿ ಎಸೆದು, ಹೊಸದು ಹಾಸುತ್ತಿದ್ದರಲ್ಲ, ಹಾಗೆ ಇವನು ಯಂತ್ರಗಳ ಹೊರಮೈ ಒರೆಸಿ, ಒಳಗಿನ ಹಳೆಯ ಬ್ರೌಸರ್ ಅಳಿಸಿ, ಹೊಸದು ಕೂರಿಸಿಯೇ ವಿಭೂತಿ ಹಚ್ಚುವುದು. ಒಮ್ಮೆ ವಿಭೂತಿ ಬಿತ್ತೆಂದರೆ ಮಾರನೆಯ ದಿನದವರೆಗೆ ಯಂತ್ರ ಮುಟ್ಟುವಂತಿಲ್ಲ. ಆ ದಿನ ಪೂಜೆ ಮಾಡಿಸುವ ಜಾವಗಲ್ಲಿನ ಅಯ್ಯನವರು ಬೇಗ ಬಂದುಬಿಟ್ಟರು. "ಏನಪ್ಪಾ, ಇನ್ನೂ ಆಗ್ಲಿಲ್ವಾ? ನಂಗೆ ಇನ್ನೂ ಐದಾರು ಕಡೆ ಐತೆ" ಎಂದು ಬಾಗಿಲಲ್ಲೇ ನಿಂತು ಅವಸರ ಮಾಡಿದರು. ಒಂದು ಕೈಯಲ್ಲಿ ಚೆಂಡುಹೂವಿನ ಹಾರ ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ಒಳಕೋಣೆಯ ಯಂತ್ರದ ಹಳೆಯ ಫೋಲ್ಡರನ್ನು ಚನ್ನೇಶ್ ಅಳಿಸಿದ. ಒಳಗಿದ್ದದ್ದನ್ನು ಹೊರಗೆ ತೆಗೆದಿಡಲಿಲ್ಲ. ಹೊಸ ಬ್ರೌಸರ್ ಥಳಥಳ ಬಂದು ಕೂತಿತು. ಪರದೆಯ ಹಣೆಗೆ ವಿಭೂತಿ ಎಳೆದು, ಕೈಮುಗಿದು, ಹೊರಗೆ ಹೋಗಿ ಬೂದುಗುಂಬಳ ಒಡೆದ.

ಗೊತ್ತಾದದ್ದು ರೇವಣಸಿದ್ದಪ್ಪ ಮನೆಗೆ ಬಂದರೆಂದು ಕೇಳಿ ಪೆನ್‌ಡ್ರೈವ್ ಸಿಕ್ಕಿಸಿದಾಗ. ಧ್ವನಿಯ ಪುಟ ತೆರೆದ. ಖಾಲಿ. ಮುಚ್ಚಿ ಮತ್ತೆ ತೆರೆದ. ಆಗ ಹಬ್ಬದ ದಿನ ಅಳಿಸಿದ್ದು ನೆನಪಾಯಿತು. ಯಂತ್ರವನ್ನು ಮಗುವಿನ ಹಾಗೆ ಎದೆಗವಚಿಕೊಂಡು ಹಾಸನಕ್ಕೆ ಓಡಿದ. ಅಳಿಸಿದ್ದನ್ನು ಹುಡುಕಿಕೊಡುವವನು ದಿನವಿಡೀ ತಡಕಾಡಿ, "ಅಳಿಸಿದ ಜಾಗದ ಮೇಲೇ ಹೊಸದು ಹಾಕಿದೀರ, ಏನೂ ಸಿಗಲ್ಲ ಸಾರ್" ಎಂದ. ವಾಪಸು ಬರುವಾಗ ಬಸ್ಸಿನಲ್ಲಿ ಚನ್ನೇಶ್ ಅತ್ತ. ಅಪರೂಪದ್ದು ಎಂದು ಇಷ್ಟು ಕಾಲ ಯಾವುದನ್ನೋ ಮೆರೆಸಿಕೊಂಡು ಬಂದೆ, ನಿಜವಾಗಿ ಅಪರೂಪದ್ದು ಮುಂದೆಯೇ ಕೂತಾಗ ಕಿವಿ ಮುಚ್ಚಿಕೊಂಡಿದ್ದೆನಲ್ಲ ಎಂದು ತನ್ನ ಮೇಲೆಯೇ ಅಸಹ್ಯವಾಯಿತು.

ಹಗರೆಯ ಮನೆಯಲ್ಲಿ ರುದ್ರಮ್ಮ ಹಾಲು ಡೈರಿಗೆ ಹಾಕಿ ಬಂದು, ಕೈ ಒರೆಸಿಕೊಂಡು, ಪೆನ್‌ಡ್ರೈವ್ ಸಿಕ್ಕಿಸುವ ಟಿ.ವಿ. ಮುಂದೆ ಚಾಪೆ ಹಾಸಿ ಕಾಯುತ್ತಿದ್ದಳು. ರೇವಣಸಿದ್ದಪ್ಪ ಮಫ್ಲರ್ ಸುತ್ತಿಕೊಂಡು ಮಂಚದ ಮೇಲಿದ್ದರು, ತೊಡೆಯ ಮೇಲೆ ಒಂದು ಸ್ಲೇಟು. ಚನ್ನೇಶ್ ಅಳಿಸಿದ್ದನ್ನು ಮುಚ್ಚಿಡಲಿಲ್ಲ. ನೆಲ ನೋಡುತ್ತಾ ಹಬ್ಬದ ದಿನದ್ದೆಲ್ಲ ಹೇಳಿದ, ಇಯರ್‌ಫೋನಿನ ಮಾತೊಂದು ಬಿಟ್ಟು.

ರುದ್ರಮ್ಮ ಗಂಡನ ಮುಖ ನೋಡಿದಳು. ಮುದುಕರು ಬಳಪ ತೆಗೆದುಕೊಂಡು ಬರೆದು ಸ್ಲೇಟು ತಿರುಗಿಸಿದರು: "ನೀನು ಪಕ್ಕದಲ್ಲೇ ಇದ್ದೆಯಲ್ಲ. ನೀನೇ ಅವಳಿಗೆ ಹೇಳು."

ಸಿಟ್ಟಿನಿಂದ ಬರೆದದ್ದಲ್ಲ, ಪೂರಾ ನಂಬಿಕೆಯಿಂದ ಬರೆದದ್ದು. ಇಯರ್‌ಫೋನಿನಲ್ಲಿ ಇವನು ಕೇಳುತ್ತಿದ್ದದ್ದು ತಮ್ಮ ಧ್ವನಿಯನ್ನೇ ಎಂದು ಅವರು ತಿಳಿದಿದ್ದರು. ಅವರ ಮಾತನ್ನು ಕೇಳದೆ ಕೂತವರನ್ನು ಅವರು ಜನ್ಮದಲ್ಲಿ ಕಂಡಿರಲಿಲ್ಲ.

"ಆತುರ ಬ್ಯಾಡ" ಎಂದು ಚನ್ನೇಶ್ ತೊದಲಿದ. "ನೆರಳಲ್ಲಿ ನಿಂತ್ಕೊ. ಮೊದಲು ಕೆಳಗಡೆ ಆನೆ ಸಾಲು ನೋಡು. ಒಂದು ಆನೆ ಇದ್ದಂಗೆ ಇನ್ನೊಂದಿಲ್ಲ."

ರುದ್ರಮ್ಮನ ಮುಖ ಅರಳಿತು. "ಹೌದಾ? ಆಮ್ಯಾಕೆ?"

ಚನ್ನೇಶನ ಬಳಿ ಆಮೇಲಿನದು ಇರಲಿಲ್ಲ. ಆಗ ಮಂಚದ ಮೇಲೆ ರೇವಣಸಿದ್ದಪ್ಪನವರ ತುಟಿ ಆಡತೊಡಗಿತು. ಕೈ ಎದ್ದು ಆನೆಗಳ ಸಾಲಿನುದ್ದಕ್ಕೂ ತೋರಿಸಿತು, ಹುಬ್ಬು ಕುಣಿಯಿತು, ಮಕ್ಕಳು ನಗುವ ಜಾಗದಲ್ಲಿ ಅವರೂ ನಕ್ಕರು. ರುದ್ರಮ್ಮ ಮುಂದಕ್ಕೆ ಬಾಗಿ ಆ ತುಟಿಗಳನ್ನೇ ನೋಡುತ್ತಿದ್ದಳು. ಚನ್ನೇಶ್ ಉಸಿರು ಬಿಗಿಹಿಡಿದು, ಮೊದಲ ಸಲ, ಆ ಮಾತಿಗೆ ಕಿವಿಗೊಟ್ಟ. ಏನೂ ಕೇಳಿಸಲಿಲ್ಲ.