ನಾನು ಹಾಕಿದ ಸಾಕ್ಷಿ ಸಹಿ

ಮೊನ್ನೆ ಸ್ಟೇಶನ್ ಬಜಾರದಲ್ಲಿ ತಳ್ಳುಗಾಡಿಯವನು ಕಮಲಾಪುರದ ಕೆಂಪು ಬಾಳೆಹಣ್ಣು ಎತ್ತಿ ತೋರಿಸಿದ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಮೈಯೆಲ್ಲ ಉರಿದುಹೋಯಿತು. ಸಿಟ್ಟು ಹಣ್ಣಿನ ಮೇಲಲ್ಲ. ಒಬ್ಬ ಮುದುಕನ ಮೇಲೆ, ಮತ್ತೆ ನನ್ನ ಮೇಲೆ.

ಶಹಾಬಜಾರದಲ್ಲಿ ನಮ್ಮ ಪಕ್ಕದ ಮನೆಯಲ್ಲಿ ಒಬ್ಬ ಅಕ್ಕ ಇದ್ದಳು. ಜಂಪರ್ ಹೊಲಿಯುತ್ತಿದ್ದ ಖಡಕ್ ಹೆಂಗಸು. ಅವಳೊಳಗೆ ಏಳು ವರ್ಷದ ಇನ್ನೊಬ್ಬಳಿದ್ದಳು. ಅಕ್ಕ ಅವಳನ್ನು ಸಣ್ಣಾಕಿ ಎನ್ನುತ್ತಿದ್ದಳು. ಸಣ್ಣಾಕಿ ಬಂದರೆ ದನಿ, ನೋಟ, ಕೂಡುವ ರೀತಿ ಎಲ್ಲ ಬೇರೆ; ಅವಳು ಹೋದ ಮೇಲೆ ಅಕ್ಕನಿಗೆ ಏನೂ ನೆನಪಿರುತ್ತಿರಲಿಲ್ಲ. ಓಣಿಯವರು ದೆವ್ವ ಅಂದರು. ಸೇಡಂ ರಸ್ತೆಯ ಡಾಕ್ಟರರು ಮಾತ್ರ ಬಿಡಿಸಿ ಹೇಳಿದ್ದರು. ತಂದೆತಾಯಿ ಸತ್ತ ಮೇಲೆ ಸಾಕಿದ ಸೋದರಮಾವನೇ ವರ್ಷಗಟ್ಟಲೆ ಅವಳ ಮೇಲೆ ಕೈ ಹಾಕಿದ್ದ. ಅದನ್ನು ತಾಳಿಕೊಳ್ಳಲಾಗದೆ ಮಗುವಿನ ಮನಸ್ಸು ಒಳಗೇ ಇನ್ನೊಬ್ಬಳನ್ನು ಮಾಡಿಕೊಂಡಿತ್ತು...

ಆ ಮಾವ ಒಂದು ದಿನ ಫೋನ್ ಮಾಡಿ, ನಿಮ್ಮಪ್ಪನ ಬಾಳೆತೋಟ ನಿನ್ನ ಹೆಸರಿಗೆ ಮಾಡಿಕೊಡುತ್ತೇನೆ, ಕಮಲಾಪುರದ ನೋಂದಣಿ ಕಚೇರಿಗೆ ಬಾ ಅಂದ. ಅಕ್ಕನಿಗೆ ನಂಬಿಕೆ ಇರಲಿಲ್ಲ. ನನ್ನನ್ನು ಜೊತೆಗೆ ಕರೆದಳು.

“ಸಣ್ಣಾಕಿ ಬಂದ್ಲಂದ್ರ ಸಹಿ ಮಾಡ್ಲಾಕ ಬಿಡಬ್ಯಾಡ. ಕೈ ಹಿಡದು ಬಸ್ ಹತ್ತಿಸು, ಅಷ್ಟ ಸಾಕು,” ಅಂದಳು. ನಾನು ಹೂಂ ಅಂದೆ.

ಕಚೇರಿಯ ಹೊರಗೆ ಮಾವ ಇಸ್ತ್ರಿ ಧೋತರ ಉಟ್ಟು ಕೂತಿದ್ದ. ಅಕ್ಕ ಕಾಗದ ಓದಲು ಕೇಳಿದಳು. ಅವನು ಕಾಗದ ಕೊಡದೆ, ಚೀಲದಿಂದ ಕೆಂಪು ಬಾಳೆಹಣ್ಣು ತೆಗೆದು, ಸುಲಿದು, ಅವಳ ಬಾಯಿಯ ಹತ್ತಿರ ಹಿಡಿದು ಮೆಲ್ಲಗೆ ಅಂದ: “ತಿನ್ನು ಕೂಸ. ಯಾರ ಮುಂದೂ ಹೇಳಬ್ಯಾಡ.”

ನನ್ನ ಕಣ್ಣೆದುರೇ ಅಕ್ಕ ಹೋಗಿಬಿಟ್ಟಳು. ಹೆಗಲು ಕುಗ್ಗಿತು, ಸೆರಗಿನ ತುದಿ ಬಾಯಿಗೆ ಹೋಯಿತು. ಅವಳು ಸಣ್ಣವಳಿದ್ದಾಗಲೂ ಇದೇ ಹಣ್ಣು ಕೊಟ್ಟು ಬಾಯಿ ಮುಚ್ಚಿಸಿದ್ದ ಆ ಕಳ್ಳನಿಗೆ, ಸಣ್ಣಾಕಿಯನ್ನು ಹೇಗೆ ಕರೆಯಬೇಕು ಅಂತ ಗೊತ್ತಿತ್ತು. ಎರಡನೇ ಇಯತ್ತೆಯ ಹುಡುಗಿಯ ಹಾಗೆ ಸೊಟ್ಟಸೊಟ್ಟ ಅಕ್ಷರದಲ್ಲಿ ಅವಳು ಹೆಸರು ಬರೆದಳು. ಅದು ತೋಟದ ಹಕ್ಕನ್ನೆಲ್ಲ ಅವನಿಗೇ ಬಿಟ್ಟುಕೊಡುವ ಪತ್ರ.

ಸಾಕ್ಷಿ ಹಾಕವ್ವ, ನೀನೂ ನಮ್ಮನೆ ಮಗಳಿದ್ದಂತೆ ಎಂದು ನನಗೆ ಪೆನ್ನು ಕೊಟ್ಟ. ಸುತ್ತ ನಾಲ್ಕು ಜನ ಹಿರಿಯರು ಕೂತಿದ್ದರು. ಹಿರಿಯರಿಗೆ ಎದುರಾಡಬಾರದು ಅಂತ ಬೆಳೆದವಳು ನಾನು. ಸೆರಗು ಸರಿಮಾಡಿಕೊಂಡು, ಬಗ್ಗಿ ಸಹಿ ಹಾಕಿದೆ. ಬೆಂಕಿ ಬೀಳಲಿ ನನ್ನ ಆ ಮರ್ಯಾದೆಗೆ.

ವಾಪಸು ಬರುವಾಗ ಬಸ್ಸಿನಲ್ಲಿ ಅಕ್ಕ ಮರಳಿ ಬಂದಳು, ಏನಾಯಿತು ಅಂತ ಕೇಳಿದಳು. ಹೇಳಿದೆ. ಅವಳು ಬೈಯಲಿಲ್ಲ.

“ಆಕಿ ಸಣ್ಣಾಕಿ. ನೀ ದೊಡ್ಡಾಕಿ ಇದ್ದೆಲ್ಲ,” ಅಂದಳು.

ನಡೆದದ್ದನ್ನು ನೀವು ಕೋರ್ಟಿನಲ್ಲಿ ಹೇಳಿದರೆ ಪತ್ರ ರದ್ದಾದೀತು ಅಂತ ಅಕ್ಕ ಹಿಡಿದ ವಕೀಲರು ನನಗೆ ಹೇಳಿದರು. ಬಾ, ಹೇಳು ಅಂತ ಅಕ್ಕ ಕರೆದಾಗಲೆಲ್ಲ ನಾನು ಇವತ್ತು, ನಾಳೆ ಅಂತ ದಿನ ದೂಡಿದೆ...

ಹೋದ ವರ್ಷ ಅಕ್ಕ ತೀರಿಕೊಂಡಳು. ಮಾವ ಗಟ್ಟಿಮುಟ್ಟಾಗಿದ್ದಾನೆ, ತೋಟದ ಫಸಲು ತಿನ್ನುತ್ತಿದ್ದಾನೆ. ಈಗ ಯಾವ ಕೋರ್ಟಿಗಾದರೂ ಹೋಗಿ ಗಂಟಲು ಹರಿಯುವಂತೆ ಹೇಳಿಬಿಡುತ್ತೇನೆ. ಬಾ, ಹೇಳು ಅಂತ ಕರೆಯುವವಳೇ ಇಲ್ಲ.