ತಾರಸಿಯ ಎರಡು ಕೆಮೇಲಿಯಾ ಗಿಡಗಳು

ಕಳೆದ ಡಿಸೆಂಬರಿನಲ್ಲಿ ಸೆಕ್ಟರ್ ಫೈವ್‌ನ ನಮ್ಮ ಆಫೀಸಿನ ಬಾಗಿಲಿಗೆ ಹೂಕುಂಡಗಳನ್ನು ತಂದಿಟ್ಟಿದ್ದರು. ಒಂದರಲ್ಲಿ ನಸುಗೆಂಪು ಹೂವೊಂದು ಅರಳಿತ್ತು. ಬಗ್ಗಿ ಮೂಸಿದೆ. ಆಗಷ್ಟೇ ಮುಚ್ಚಳ ತೆಗೆದ ಚಹಾ ಡಬ್ಬಿಯ ಘಮ, ಅದರೊಳಗೆ ಹಸಿಮಣ್ಣು ಬೆರೆತಂತೆ. ಕಾರ್ಡು ತೋರಿಸಿ ಒಳಗೆ ಹೋಗಬೇಕಾದವಳು ಅಲ್ಲೇ ನಿಂತುಬಿಟ್ಟೆ. ಬಾಲ್ಯದ ಮನೆಯೊಂದನ್ನು ಕಳೆದುಕೊಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅದು ಯಾವಾಗ ಎಲ್ಲಿ ಎದುರಾಗುತ್ತದೆಂದು ಹೇಳಲಾಗದು.

ಸದರ್ನ್ ಅವೆನ್ಯೂಗೆ ಸೇರುವ ಓಣಿಯೊಂದರಲ್ಲಿ, ಹಸಿರು ಕಿಟಕಿಗಳ ಹಳೆಯ ಮನೆಯ ಕೆಳಗಿನ ಭಾಗದಲ್ಲಿ ನಾವು ಬಾಡಿಗೆಗಿದ್ದೆವು. ಅಪ್ಪ ಧಾರವಾಡದಿಂದ ಈ ಬಂಗಾಳಿಗಳ ನಗರಕ್ಕೆ ಬಂದು ಇಲ್ಲಿಯ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದರು. ಮೇಲೆ ಮನೆಯೊಡತಿ ಮಾಸಿಮಾ ಒಬ್ಬರೇ ಇರುತ್ತಿದ್ದರು. ಅವರ ತಾರಸಿಯಲ್ಲಿ, ನೀರಿನ ಟಾಕಿಯ ನೆರಳಿಗೆ, ಎರಡು ಕೆಮೇಲಿಯಾ ಗಿಡಗಳಿದ್ದವು. ಒಂದನ್ನು ತೀರಿಹೋದ ಗಂಡ ಕಾಲಿಂಪಾಂಗಿನಿಂದ ತಂದಿದ್ದರು, ಅದು ಜಪೋನಿಕಾ ಜಾತಿಯದು. ಇನ್ನೊಂದನ್ನು ಮಗಳು ಮಿಠು, ನನಗೆ ಮಿಠುದಿ, ಕಾಲೇಜಿನ ಪ್ರವಾಸಕ್ಕೆ ಹೋದಾಗ ಮಡಿಲಲ್ಲಿಟ್ಟುಕೊಂಡು ತಂದಿದ್ದಳು, ಅದು ಸಸಾಂಕ್ವಾ. ಮರುವರ್ಷವೇ ಮಿಠುದಿ ತಾಯಿಗೆ ಒಪ್ಪಿಗೆಯಿಲ್ಲದ ಮದುವೆ ಮಾಡಿಕೊಂಡು ಖಿದಿರ್‌ಪುರಕ್ಕೆ ಹೋದಳು. ಅದೇ ಊರು, ಬಸ್ಸು ಹತ್ತಿದರೆ ಮುಟ್ಟುವ ದೂರ. ಆದರೂ ತಾಯಿ ಮಗಳ ನಡುವೆ ಮಾತಿರಲಿಲ್ಲ.

ನನಗೆ ಎಂಟೋ ಒಂಬತ್ತೋ ತುಂಬಿದ್ದ ಬೇಸಗೆಯಲ್ಲಿ ನಾವು ಧಾರವಾಡಕ್ಕೂ, ಮಾಸಿಮಾ ತಮ್ಮ ಅಕ್ಕನ ಮನೆಗೂ ಹೋಗಿದ್ದಾಗ ಗಿಡಗಳು ನೀರಿಲ್ಲದೆ ಬೆಂದವು. ಟಾಕಿ ರಿಪೇರಿಗೆ ಬಂದವರು ಕುಂಡಗಳನ್ನು ಅತ್ತಿತ್ತ ಎಳೆದಿದ್ದರು. ಬಂದು ನೋಡಿದರೆ ಎರಡೂ ಬೋಳು ಕಡ್ಡಿ. ಮಳೆ ಬಿದ್ದ ಮೇಲೆ ಒಂದು ಮಾತ್ರ ಚಿಗುರಿತು. ಯಾವುದೆಂದು ಮಾಸಿಮಾಗೆ ತಿಳಿಯಲಿಲ್ಲ. ಹೂವಿಲ್ಲದಾಗ ಅವು ಅವಳಿಜವಳಿಯಂತೆ, ಎರಡಕ್ಕೂ ಅದೇ ಎಣ್ಣೆ ಹಚ್ಚಿದಂಥ ಕಡುಹಸಿರು ಎಲೆ. ಅವರು ಚಿಗುರಿದ್ದಕ್ಕೂ ನೀರು ಹಾಕಿದರು, ಒಣಕಡ್ಡಿಗೂ ಹಾಕಿದರು.

ಒಂದು ಭಾನುವಾರ ಅಪ್ಪನನ್ನು ಕೈಹಿಡಿದು ಮೇಲಕ್ಕೆ ಎಳೆದುಕೊಂಡು ಹೋದೆ. ಅಪ್ಪ ಎಲೆಯೊಂದನ್ನು ಬಾಗಿಸಿ ಬಿಸಿಲಿಗೆ ಹಿಡಿದರು. ನರಗಳು ಬೆಳಕು ಬಿಡದೆ ಕಪ್ಪಗೆ ಕಂಡವು. ಎಳೆಯ ಟೊಂಗೆಯ ಮೇಲೆ ಹೆಬ್ಬೆರಳಾಡಿಸಿ, ನನ್ನ ಬೆರಳನ್ನೂ ಹಿಡಿದು ಆಡಿಸಿದರು. ಸಣ್ಣ ರೋಮಗಳು ತಾಕಿದವು. ಆಮೇಲೆ ಮಾಸಿಮಾ ಕಡೆ ತಿರುಗಿ, "ಯಾವುದು ಅಂತ ನನಗೆ ಗೊತ್ತಾಯಿತು, ಹೇಳಲೇ?" ಎಂದು ತಮ್ಮ ಹರಕುಮುರುಕು ಬಂಗಾಳಿಯಲ್ಲಿ ಕೇಳಿದರು.

ಮಾಸಿಮಾ ನೀರಿನ ಚೊಂಬನ್ನು ಕೆಳಗಿಟ್ಟರು. "ಬೇಡ, ಮಾಸ್ಟರ್‌ಮಶಾಯ್. ಈಗ ಇಬ್ಬರೂ ಇದ್ದಾರೆ. ನೀವು ಹೇಳಿದರೆ ಒಬ್ಬರು ಹೋಗಿಬಿಡುತ್ತಾರೆ."

ಮೆಟ್ಟಿಲಿಳಿಯುವಾಗ ನಾನು ಬಿಡಲಿಲ್ಲ. "ಯಾವ ಗಿಡ ಉಳದದ, ಅಪ್ಪಾ?"

"ಮಿಠುಂದು," ಎಂದರು ಅಪ್ಪ ಮೆಲ್ಲಗೆ. "ಜಪೋನಿಕಾದ ಎಲಿ ನರ ಬಿಸಲಿಗೆ ಹಿಡದ್ರ ಬೆಳ್ಳಗ ಕಾಣ್ತಾವ, ಟೊಂಗಿಗೆ ರೋಮ ಇರಂಗಿಲ್ಲ. ಆದ್ರ ನೀ ಸುಮ್ನಿರವಾ. ಅವರು ಬ್ಯಾಡ ಅಂದಾರ."

ಸುಮ್ಮನಿದ್ದೆ. ಮರುವರ್ಷ ದೀಪಾವಳಿಯ ಕಾಳಿಪೂಜೆ ಕಳೆದು, ಬೆಳಗಿನ ಹೊತ್ತು ಹತ್ತಿರದ ಸರೋವರದ ಕಡೆಯಿಂದ ಮಂಜು ಬರತೊಡಗಿದಾಗ ಮೊಗ್ಗು ಬಿರಿಯಿತು. ಗಂಡ ತಂದ ಗಿಡ ಚಳಿ ಕಳೆಯುವ ಹೊತ್ತಿಗೆ ಕೆಂಪಗೆ ಅರಳಿ, ಉದುರುವಾಗ ಇಡೀ ಹೂವೇ ತೊಪ್ಪನೆ ಬೀಳುತ್ತಿತ್ತಂತೆ. ಒಂದು ಬೆಳಿಗ್ಗೆ ಮಾಸಿಮಾ ನಮ್ಮ ಬಾಗಿಲಿಗೆ ಬಂದು ಸೆರಗು ಬಿಚ್ಚಿ ತೋರಿಸಿದರು. ಅದರಲ್ಲಿದ್ದವು ಬಿಡಿಬಿಡಿ ಎಸಳುಗಳು, ನಸುಗೆಂಪು, ಘಮಘಮ. "ನಿಮಗೆ ಆಗಲೇ ಗೊತ್ತಿತ್ತಲ್ಲ?" ಎಂದು ಅಪ್ಪನನ್ನು ಕೇಳಿದರು. ಅಪ್ಪ ಹೌದೆಂದು ತಲೆಯಾಡಿಸಿದರು. ಅಮ್ಮ ಕೊಟ್ಟ ಚಹಾ ಆರುತ್ತಿದ್ದರೂ ಮುಟ್ಟದೆ, ಮಾಸಿಮಾ ನಮ್ಮ ಫೋನಿನ ಮುಂದೆ ತುಂಬ ಹೊತ್ತು ಕೂತರು. ಕೊನೆಗೆ ನಂಬರು ತಿರುಗಿಸಿ, "ನಿನ್ನ ಗಿಡ ಹೂ ಬಿಟ್ಟಿದೆ. ಬಂದು ನೋಡಿಕೊಂಡು ಹೋಗು," ಎಂದಷ್ಟೇ ಹೇಳಿ ಇಟ್ಟರು.

ಮಧ್ಯಾಹ್ನವೇ ಮಿಠುದಿ ಬಂದಳು, ಸೊಂಟದ ಮೇಲೆ ಮಗುವನ್ನಿಟ್ಟುಕೊಂಡು. ಮೇಲಿನ ಮನೆಯಲ್ಲಿ ಮೊದಲು ಜೋರು ದನಿ, ಆಮೇಲೆ ಅಳು, ಆಮೇಲೆ ಪೂರಿ ಕರಿಯುವ ಸದ್ದು. ಮಿಠುದಿ ಹೋದ ಮೇಲೆ ಮಾಸಿಮಾ ಅಪ್ಪನನ್ನು ತಾರಸಿಗೆ ಕರೆದರು. ಗಂಡನ ಗಿಡದ ಒಣಕಡ್ಡಿ ತೋರಿಸಿ, "ಇನ್ನು ಅವರನ್ನು ಕಳಿಸಿಬಿಡೋಣ," ಎಂದರು. ಅಪ್ಪ ಒಣಕಡ್ಡಿಯನ್ನು ಬೇರುಸಮೇತ ಕಿತ್ತು, ಕಾಗದದಲ್ಲಿ ಸುತ್ತಿ ಅವರ ಕೈಗೆ ಕೊಟ್ಟರು. ಮಾಸಿಮಾ ಅದನ್ನು ಮಡಿಲಲ್ಲಿಟ್ಟುಕೊಂಡು ಕತ್ತಲಾಗುವವರೆಗೂ ಕೂತರು. ಅಪ್ಪ ಪಕ್ಕದಲ್ಲಿ ಕೂತಿದ್ದರು.

ಮಾಸಿಮಾ ತೀರಿಹೋದ ಮೇಲೆ ಆ ಮನೆ, ಹಳೆಯದನ್ನು ಕೆಡವಿ ಫ್ಲ್ಯಾಟು ಕಟ್ಟುವ ಪ್ರೊಮೋಟರನ ಪಾಲಾಯಿತು. ಮಿಠುದಿ ಖಿದಿರ್‌ಪುರಕ್ಕೆ ಒಯ್ದ ಗಿಡ ಅಲ್ಲಿಯ ಪಡುವಣ ಬಿಸಿಲಿಗೆ ಬದುಕಲಿಲ್ಲ. ಅಪ್ಪನೂ ಈಗಿಲ್ಲ. ಮೊನ್ನೆ ಆ ಓಣಿಗೆ ಹೋಗಿದ್ದೆ. ತಾರಸಿ ಇದ್ದ ಎತ್ತರದಲ್ಲಿ ಈಗ ಯಾರದೋ ಫ್ಲ್ಯಾಟಿನ ಅಡುಗೆಮನೆ. ಸಾಸಿವೆ ಎಣ್ಣೆ ಕಾಯುತ್ತಿತ್ತು. ಒಳಗಿನಿಂದ ಒಬ್ಬ ಹೆಂಗಸು ಯಾರನ್ನೋ ಊಟಕ್ಕೆ ಕೂಗಿದಳು. ಕರೆದದ್ದು ನನ್ನನ್ನಲ್ಲವೆಂದು ಗೊತ್ತಿದ್ದೂ, ಇನ್ನೊಮ್ಮೆ ಕೂಗಿಯಾಳೆಂದು ಸ್ವಲ್ಪ ಹೊತ್ತು ನಿಂತೇ ಇದ್ದೆ.