ವಖಾರದ ಕಿಟಕಿ ತೆರೆಸಿದ ತವನಪ್ಪನವರು

ನಿಪ್ಪಾಣಿ ಸೀಮೆಯ ತಂಬಾಕು ವ್ಯವಹಾರದಲ್ಲಿ ಎಲೆಯ ಬಣ್ಣ ನೋಡಿ ದರ ಹೇಳುವ ಜಾಣರಿಗೆ ಎಂದೂ ಬರವಿರಲಿಲ್ಲ. ಆ ಎಲೆಯನ್ನು ಜರಡಿ ಹಿಡಿಯುವ ಹೆಣ್ಣುಮಕ್ಕಳ ಮುಖ ನೋಡಿ ಕೆಲಸ ನಡೆಸಿದವರು ಮಾತ್ರ ತೀರ ವಿರಳ. ಅಂಥ ವಿರಳರಲ್ಲಿ ಅಗ್ರಗಣ್ಯರಾದ ಶ್ರೀ ತವನಪ್ಪ ಚೌಗುಲೆಯವರು ಈ ವರ್ಷ ತಂಬಾಕು ವಖಾರದ ಮೇಲ್ವಿಚಾರಕ ಹುದ್ದೆಯಿಂದ ನಿವೃತ್ತರಾಗುತ್ತಿದ್ದಾರೆ. ಸಮಾರಂಭದ ಆಮಂತ್ರಣ ಪತ್ರಿಕೆ ಅವರನ್ನು ‘ಮಾಲು ಕಾಯ್ದ ನಿಷ್ಠಾವಂತ’ ಎಂದು ಕೊಂಡಾಡಿದೆ. ಮಾಲನ್ನು ಅವರು ಕಾಯ್ದದ್ದು ನಿಜ. ಆದರೆ ಉಳಿದದ್ದನ್ನೆಲ್ಲ ನುಂಗಿ ಅಷ್ಟನ್ನೇ ಹೇಳುವುದು ಅವರಿಗೆ ಮಾಡುವ ಅವಮಾನ.

ಯಡೂರಿನ ಒಕ್ಕಲು ಮನೆತನದ ತವನಪ್ಪನವರು ೧೯೮೪ರಲ್ಲಿ ನಿಪ್ಪಾಣಿಯ ಆ ವಖಾರಕ್ಕೆ ಬಂದರು. ದಸರೆ ಮುಗಿಯಿತೆಂದರೆ ಅಲ್ಲಿ ಚಳಿಗಾಲದ ಬಂದೋಬಸ್ತು ಶುರುವಾಗುತ್ತಿತ್ತು. ಒಣ ಗಾಳಿ ತಾಗಿದರೆ ಎಲೆ ಗರಿಗರಿಯಾಗಿ ಪುಡಿಯಾಗುತ್ತದೆ. ಆದ್ದರಿಂದ ಎಲ್ಲ ಕಿಟಕಿಗಳಿಗೂ ಒದ್ದೆ ಗೋಣಿತಟ್ಟು ಹೊಡೆದು, ಗಾಳಿ ಒಳಗೆ ಸುಳಿಯದಂತೆ ಮಾಡುವುದು ಹಿಂದಿನಿಂದ ಬಂದ ಪದ್ಧತಿ. ಹೇಳಿದ ಕೆಲಸವನ್ನು ಅರೆಬರೆ ಮಾಡುವ ಜಾಯಮಾನ ಅವರದಲ್ಲ. ಮೊದಲ ವರ್ಷ ಮೇಲಿನ ಗವಾಕ್ಷಿಗಳನ್ನೂ ಬಿಡದೆ ಮುಚ್ಚಿಸಿದರು. ಮಾಲೀಕರು ಬೆನ್ನು ಚಪ್ಪರಿಸಿದರು.

ಮುಚ್ಚಿದ ಆ ಪಡಸಾಲೆಯೊಳಗೆ, ತಣ್ಣನೆಯ ಬರಿ ಫರಸಿಕಲ್ಲಿನ ನೆಲದ ಮೇಲೆ ಕುಳಿತು, ಹೆಂಗಸರು ದಿನವಿಡೀ ತಂಬಾಕು ಜರಡಿ ಹಿಡಿಯುತ್ತಿದ್ದರು. ಎದ್ದ ಘಾಟು ಹೊರಗೆ ಹೋಗಲು ದಾರಿಯಿರಲಿಲ್ಲ. ತಂಬಾಕಿಗೆ ಚಳಿಯಾಗದಿರಲೆಂದು ಮನುಷ್ಯರ ಮೂಗು ಕಟ್ಟಿದ ಈ ಏರ್ಪಾಡು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತಿತ್ತು. ಒಂದು ಮಧ್ಯಾಹ್ನ ಭೀಮಾಬಾಯಿ ಎಂಬ ಹಿರಿಯಾಕೆ ಕೆಮ್ಮುತ್ತ ಕೆಮ್ಮುತ್ತ ಜರಡಿಯ ಮೇಲೆಯೇ ಕವುಚಿ ಬಿದ್ದರು. ತವನಪ್ಪನವರು ಓಡಿಹೋಗಿ ಎತ್ತಿ ನೀರು ಕುಡಿಸಿದರು. ಉಸಿರು ತಿರುಗಿದ ಮೇಲೆ ಆಕೆ ಕೇಳಿದ್ದು ಒಂದೇ ಮಾತು.

“ಸಾಹೇಬ್ರ, ತಂಬಾಕಿಗಿ ಥಂಡಿ ಆಗ್ತೈತಂತ ಕಿಡಕಿ ಮುಚ್ಚೀರಿ. ನಮಗ ಉಸರ ಎಲ್ಲಿಂದ ಬರಬೇಕ್ರಿ?”

ಮುಚ್ಚಿಸಿದ್ದು ತನ್ನ ಕೈಯೇ ಎಂಬ ಸಂಕಟಕ್ಕೆ ಅವರಿಗೆ ಅಂದು ಊಟ ಸೇರಲಿಲ್ಲ. ಇನ್ನೊಂದು ಚಳಿಗಾಲ ಇದೇ ಹೊಗೆಯಂಥ ಧೂಳು ಕುಡಿದರೆ ಈಕೆ ಬದುಕುವುದಿಲ್ಲವೆಂದು ಭೀಮಾಬಾಯಿಯನ್ನು ನೋಡಿದ ಡಾಕ್ಟರರೂ ಹೇಳಿದರು. ಮರುವರ್ಷ ದಸರೆ ಕಳೆದದ್ದೇ ಅವರು ಎಲೆಯ ದಾಸ್ತಾನನ್ನೆಲ್ಲ ಒಳಕೋಣೆಗೆ ಸಾಗಿಸಿ, ಅದರ ಬಾಗಿಲಿಗಷ್ಟೇ ಒದ್ದೆ ತಟ್ಟು ಕಟ್ಟಿಸಿದರು. ದಿನದ ಜರಡಿಗೆ ಬೇಕಾದಷ್ಟನ್ನು ಮಾತ್ರ ಹೊರಗೆ ತರಿಸುತ್ತಿದ್ದರು. ಪಡಸಾಲೆಯ ಕಿಟಕಿಗಳನ್ನು ತೆರೆಸಿದರು. ಉಳಿದ ತಟ್ಟುಗಳನ್ನು ಬಿಸಿಲಿಗೆ ಒಣಗಿಸಿ, ಮಡಚಿ, ಹೆಂಗಸರ ಕೆಳಗೆ ಹಾಸಿಸಿದರು.

ಸುದ್ದಿ ಮುಟ್ಟಿ ಮಾಲೀಕರು ಬಂದರು. “ತವನಪ್ಪಾ, ದಿನಾ ಒಳಗ ಹೊರಗ ಮಾಲ್ ಹೊರಸೂದು ಯಾವ ಶಾಣ್ಯಾತನ? ಹೆಣ್ಮಕ್ಕಳು ಕೆಮ್ಮೂದು ಹೊಸಾದೇನ? ಹಂಗಾಮ ಮುಗದ ಮ್ಯಾಲ ತಾನಾ ನಿಲ್ತೈತಿ. ಮಾಲ್ ಖರಾಬ್ ಆದ್ರ ಜಿಮ್ಮೇದಾರ ಯಾರು?”

ತವನಪ್ಪನವರಿಗೆ ಮೈ ಉರಿಯಿತು. ದನಿ ಮಾತ್ರ ಏರಲಿಲ್ಲ. “ಮಾಲಿಗೆ ನಾ ಜಿಮ್ಮೇದಾರ್ರಿ. ಇವರ ಉಸರಿಗೆ ಯಾರು, ಅದನ್ನ ನೀವ ಹೇಳ್ರಿ.”

ಮಾಲೀಕರು ಹೆಂಗಸರ ಕೆಳಗಿನ ತಟ್ಟು ಎತ್ತಿ ಕಿಟಕಿಗೆ ಹೊಡೆಯುವಂತೆ ಹಮಾಲರಿಗೆ ಕೈ ಮಾಡಿದರು. ಆಗ ಭೀಮಾಬಾಯಿ ಜರಡಿ ನಿಲ್ಲಿಸದೆಯೇ ಹೇಳಿದರು: “ತಟ್ಟ ಬೇಕಂದ್ರ ನಮ್ಮನ್ನ ಎತ್ತಿ ತೊಗೋರಿ. ನಾವೇನ ಏಳಂಗಿಲ್ಲ.” ಸಾಲಿನಲ್ಲಿ ಒಬ್ಬರೂ ಮಿಸುಕಲಿಲ್ಲ. ಹಮಾಲರು ಗೋಡೆ ನೋಡುತ್ತ ನಿಂತರು. ಬಂದ ದಾರಿಗೆ ಸುಂಕವಿಲ್ಲವೆಂದು ಮಾಲೀಕರು ಹೊರಟುಹೋದರು.

ಆ ಸಿಟ್ಟು ತೀರಿದ್ದು ತವನಪ್ಪನವರ ಮೇಲೆ. ವಾರದೊಳಗೆ ಅವರನ್ನು ರಾಯಬಾಗದ ಖರೀದಿ ಶೆಡ್ಡಿಗೆ ಎತ್ತಿ ಹಾಕಲಾಯಿತು. ಆ ಹಂಗಾಮಿನಲ್ಲಿ ಒಂದು ಎಲೆಯೂ ಪುಡಿಯಾಗಲಿಲ್ಲವೆಂಬುದನ್ನು ಮಾಲೀಕರು ಬಲ್ಲರು. ಬಲ್ಲವರಾಗಿಯೂ ಅವರನ್ನು ಮರಳಿ ಕರೆಸಿಕೊಳ್ಳಲು ವರ್ಷಗಟ್ಟಲೆ ತಡಮಾಡಿದರು. ಮಾನವಂತರನ್ನು ಹೀಗೆ ಮೂಲೆಗೊತ್ತಿ, ಮುಪ್ಪಿನಲ್ಲಿ ಶಾಲು ಹೊದಿಸುವ ನಮ್ಮ ದೊಡ್ಡವರ ರೀತಿಗೆ ಏನೆನ್ನಬೇಕು? ಕಿಟಕಿಗಳು ಮಾತ್ರ ಮತ್ತೆ ಮುಚ್ಚಲಿಲ್ಲ, ಹೆಂಗಸರು ಮುಚ್ಚಗೊಡಲಿಲ್ಲ. ಭೀಮಾಬಾಯಿ ೧೯೯೩ರವರೆಗೆ ಅಲ್ಲೇ ದುಡಿದರು. ಕೊನೆಗೆ ಅವರನ್ನು ಮನೆಯಲ್ಲಿ ಕೂರಿಸಿದ್ದು ಮಂಡಿನೋವು, ಉಬ್ಬಸವಲ್ಲ.

ಸನ್ಮಾನಕ್ಕೆ ಒಪ್ಪಿಗೆ ಕೇಳಲು ಹೋದವರಿಗೆ ತವನಪ್ಪನವರು ಹೇಳಿದರಂತೆ: “ನಮ್ಮ ಓಣ್ಯಾಗ ಇನ್ನೂ ಮೂರ ವಖಾರಕ್ಕ ತಟ್ಟ ಬಡದಾರ. ಅವನ್ನ ತಗಸ್ರಿ, ಆಮ್ಯಾಲ ನಾ ಬರ್ತೀನಿ.” ಬಂದವರು ನಕ್ಕು ಚಹಾ ಕುಡಿದು ಎದ್ದರು. ತವನಪ್ಪನವರು ತಮಾಷೆ ಮಾಡಿರಲಿಲ್ಲ. ನಿವೃತ್ತಿಯ ಮರುದಿನದಿಂದಲೇ ಆ ಬಾಗಿಲುಗಳಿಗೆ ಹೋಗಿ ನಿಲ್ಲುವುದಾಗಿ ನಿಶ್ಚಯಿಸಿದ್ದಾರೆ. ಆ ಕೆಲಸಕ್ಕಾಗಿ ತವನಪ್ಪನವರಿಗೆ ನೂರು ವರ್ಷದ ಆಯುಷ್ಯವಿರಲಿ. ಆ ಮುಚ್ಚಿದ ಕಿಟಕಿಗಳಿಗೆ ಇನ್ನೊಂದು ಚಳಿಗಾಲದ ಆಯುಷ್ಯವೂ ಬೇಡ.